ಹೊಟ್ಟೆಯ ಮೇಲಿನ ತಂಬಿಗೆ

ಬನಹಟ್ಟಿಯ ಆ ಓಣಿಯಲ್ಲಿ ಯಾವ ಹೆಣ್ಣುಮಗಳಿಗೆ ಹಾಡಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ತೀರ್ಮಾನಿಸುವ ಹಕ್ಕು ಮೂವತ್ತು ವರ್ಷಗಳಿಂದ ಭಾಗವ್ವನದೇ. ಅವಳ ಪರೀಕ್ಷೆ ಬಹಳ ಸರಳ. ಮನೆಯ ಮುಂದಿನ ಪಡಸಾಲೆಯಲ್ಲಿ ಕರೆಂಟಿನ ನಾಲ್ಕು ಮಗ್ಗಗಳು ಸಾಲಾಗಿ ಬಡಿಯುತ್ತಿರುತ್ತವೆ. ಹಾಡುವವಳು ಒಳಗೆ ಕೊನೆಯ ಮಗ್ಗದ ಪಕ್ಕ ನಿಲ್ಲಬೇಕು. ಭಾಗವ್ವ ಬೀದಿ ಬಾಗಿಲಲ್ಲಿ ಕಿವಿಯ ಮೇಲಿನ ಸೆರಗು ಸರಿಸಿಕೊಂಡು ನಿಲ್ಲುತ್ತಾಳೆ. ನಾಲ್ಕೂ ಮಗ್ಗಗಳ ಸದ್ದು ದಾಟಿ ಹಾಡಿನ ಮಾತು ಬಾಗಿಲಿಗೆ ತಲುಪಿದರೆ ಅವಳು ಓಣಿಯ ಭಜನಾ ಮಂಡಳಿಗೆ ಸೇರಿದಂತೆ. ತಲುಪದಿದ್ದರೆ, "ನಿನ್ನ ಧ್ವನಿ ಅಡಗಿ ಮನಿಗೆ ಸಾಕು, ಹೋಗ ಯವ್ವಾ," ಎಂದು ಚಹಾ ಕುಡಿಸಿ ಕಳಿಸುತ್ತಾಳೆ.

ಸೊಸೆ ವಂದನಾ ಮದುವೆಯಾಗಿ ಬಂದ ಎಂಟನೆಯ ದಿನವೇ ಈ ಪರೀಕ್ಷೆ ಗೆದ್ದವಳು. ಬಾಗಿಲಿಗಷ್ಟೇ ಅಲ್ಲ, ಎದುರು ಮನೆಯ ಕಟ್ಟೆಗೂ ಅವಳ ಹಾಡು ಕೇಳಿಸಿತ್ತು. ಭಾಗವ್ವ ಅಂದೇ ಹೂರಣದ ಹೋಳಿಗೆ ಮಾಡಿದ್ದಳು. ಅಲ್ಲಿಂದ ಹದಿನೇಳು ವರ್ಷ ಮಂಡಳಿಯ ಮುಂದಾಳು ವಂದನಾಳೇ. ಗಂಡ ಸುಭಾಷ್ ಎರಡು ಮಗ್ಗ ನೋಡಿದರೆ ಅವಳು ಎರಡು ನೋಡುತ್ತಾಳೆ. ಹರಿದ ಎಳೆಗೆ ಗಂಟು ಹಾಕುತ್ತ, ಮಗ್ಗದ ಸದ್ದಿನ ಮೇಲೆ ಕೂಗಿ ಹಾಡುವುದೇ ಅವಳಿಗೆ ಅಭ್ಯಾಸ. ಯಾರ ಹತ್ತಿರವಾದರೂ ಕಲಿಯಬೇಕೆಂದು ಅವಳಿಗೂ ಅನಿಸಿರಲಿಲ್ಲ. ಮೀನಿಗೆ ಯಾರು ಈಜು ಕಲಿಸುತ್ತಾರೆ ಎನ್ನುವುದು ಅತ್ತೆಯ ಮಾತು.

ಆ ಧ್ವನಿ ಶ್ರಾವಣದ ಮೊದಲ ವಾರ ಜಮಖಂಡಿಯ ಭಜನಾ ಸ್ಪರ್ಧೆಯಲ್ಲಿ ಕೈಕೊಟ್ಟಿತು. ಎರಡನೆಯ ಪದದ ಏರಿನಲ್ಲಿ ವಂದನಾಳ ಬಾಯಿ ತೆರೆದೇ ಇತ್ತು, ಬಂದದ್ದು ಮಾತ್ರ ಬರೀ ಗಾಳಿ. ಮಂಡಳಿಗೆ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಶೈಲಾ ಹೇಗೋ ದನಿ ಸೇರಿಸಿ ಪದ ಮುಗಿಸಿದಳು. ಮರಳುವಾಗ ಬಸ್ಸಿನಲ್ಲಿ ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ಮಾತಾಡಲಿಲ್ಲ. ಆ ಮಂಡಳಿಗೆ ಅದು ಹೊಸ ಅನುಭವ.

ಮನೆಗೆ ಬಂದ ಕೂಡಲೇ ಭಾಗವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮರುದಿನ ಅರಿಸಿನದ ಹಾಲು, ಆಮೇಲೆ ಜ್ಯೇಷ್ಠಮಧು, ಆಮೇಲೆ ಕಲ್ಲುಸಕ್ಕರೆ. ವಂದನಾ ಎಲ್ಲವನ್ನೂ ನುಂಗಿದಳು. ಧ್ವನಿ ಒಣ ಹಲಗೆ ಉಜ್ಜಿದ ಹಾಗೇ ಉಳಿಯಿತು. ಎರಡು ತಿಂಗಳಿಂದ ಮುಂಜಾನೆ ಎದ್ದಾಗ ಗಂಟಲು ಹೀಗೇ ಇರುತ್ತಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹತ್ತು ದಿನ ಕಾದು ಸುಭಾಷ್ ಅವಳನ್ನು ಮತ್ತೆ ಜಮಖಂಡಿಗೆ, ಗಂಟಲಿನ ಡಾಕ್ಟರ ಹತ್ತಿರ ಕರೆದೊಯ್ದ.

ಅವತ್ತು ಊಟಕ್ಕೆ ಪುಂಡಿಪಲ್ಯ, ರೊಟ್ಟಿ. ಸುಭಾಷ್ ಸುದ್ದಿ ಹೇಳಿದ. ಹೇಳಬೇಕಾದವಳು ಬಾಯಿಗೆ ಬೆರಳಿಟ್ಟು ಕೂತಿದ್ದಳು.

"ಮೂಗಿನ್ಯಾಗ ಸಣ್ಣ ಕ್ಯಾಮೆರಾ ಬಿಟ್ಟು ತೋರಿಸಿದ್ರವ್ವ. ಧ್ವನಿ ಹೊರಡೋ ಜಾಗದಾಗ ಎರಡು ಬೊಬ್ಬಿ ಅದಾವ. ನಮ್ಮ ಬೆರಳಿಗೆ ಎಳಿ ತಿಕ್ಕಿ ತಿಕ್ಕಿ ಬೊಬ್ಬಿ ಬರತಾವಲ್ಲ, ಹಂಗ."

"ಹಾಡಿದ್ರ ಬೊಬ್ಬಿ ಬರತಾವಂತ?" ಭಾಗವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹಾಡಿದ್ದಕ್ಕಲ್ಲ, ಒದರಿದ್ದಕ್ಕ. ಎರಡು ವಾರ ಒಂದು ಮಾತೂ ಆಡಬಾರದು. ಆಮ್ಯಾಲ ಬಲ್ಲವರ ಕಡೆ ಹೋಗಿ ಹಾಡೋ ರೀತಿ ಕಲೀಬೇಕು. ಇಲ್ಲಂದ್ರ ಕೊಯ್ದು ತಗದ್ರೂ ತಿರಗಿ ಬರತಾವಂತ."

"ಹದಿನೇಳು ವರ್ಷ ಹಾಡಿದಾಕಿ ಈಗ ಕಲೀಬೇಕಂತ. ಮಾವಿನ ಗಿಡಕ್ಕ ಕಾಯಿ ಬಿಡೋದು ಕಲಿಸಿದಂಗಾತು," ಎಂದಳು ಭಾಗವ್ವ.

ಮುದುಕ ಯಮನಪ್ಪ, ಅವಳ ಗಂಡ, ಮಜ್ಜಿಗೆ ಕುಡಿದು ಬಟ್ಟಲು ಕೆಳಗಿಟ್ಟ. "ಡಾಕ್ಟರಿಗೆ ಕೊಟ್ಟ ರೊಕ್ಕ ಅವರ ಮಾತು ಕೇಳಾಕ ಕೊಟ್ಟೇವಿಲ್ಲೋ," ಎಂದ. ಅವನ ಮಾತಿಗೆ ಆ ಮನೆಯಲ್ಲಿ ಬೆಲೆಯಿತ್ತು. ದಿನಕ್ಕೆ ನಾಲ್ಕೇ ಮಾತಾಡುತ್ತಿದ್ದನಲ್ಲ.

ಎರಡು ವಾರ ವಂದನಾ ಮೌನವಾಗಿದ್ದಳು. ಮಗ್ಗದ ಕಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ವ್ಯವಹಾರ ಮಾಡಿದಳು. 'ಬ್ಯಾಳಿ ಮುಗಿದೈತಿ.' 'ಪ್ರತಿಮಾಗ ಫೀ ತುಂಬಬೇಕು.' ಪ್ರತಿಮಾ ಮಗಳು, ಪಿಯುಸಿ ಮೊದಲನೆಯ ವರ್ಷ. ಓದು ಬರಹ ಬಾರದ ಅತ್ತೆಗೆ ಮೊಮ್ಮಗಳು ಓದಿ ಹೇಳಬೇಕು. ಒಮ್ಮೆ ವಂದನಾ ಸಿಟ್ಟಿನಲ್ಲಿ ಏನೋ ಬರೆದಳು. ಪ್ರತಿಮಾ ಓದಿಕೊಂಡು ಅಜ್ಜಿಗೆ, "ಆಯಿ, ರೊಟ್ಟಿ ಛಲೋ ಆಗ್ಯಾವಂತ," ಎಂದಳು. ಮನೆತನ ಉಳಿಯುವುದು ಇಂಥ ಅನುವಾದಕರಿಂದಲೇ.

ಗುರುವನ್ನು ಹುಡುಕಿದವಳೂ ಪ್ರತಿಮಾಳೇ. ರಬಕವಿಯಲ್ಲಿ ಗಂಗಾಂಬಿಕಾ ಎಂಬ ಐವತ್ತರ ಹೆಣ್ಣುಮಗಳು ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ವಾರಕ್ಕೆ ಮೂರು ದಿನ, ಮುಂಜಾನೆ ಏಳರಿಂದ. ವಂದನಾ ಹೋಗಿ ಕೂತಾಗ ಸುತ್ತ ಆರು ಹುಡುಗಿಯರು. ದೊಡ್ಡವಳಿಗೆ ಹನ್ನೆರಡು ವರ್ಷ.

"ಒಂದು ಸಾಲು ಹಾಡ್ರಿ," ಎಂದಳು ಗಂಗಾಂಬಿಕಾ.

ವಂದನಾ ಹಾಡಿದಳು. ಹುಡುಗಿಯರಲ್ಲಿ ಇಬ್ಬರು ಕಿವಿ ಮುಚ್ಚಿಕೊಂಡರು.

"ಈ ಖೋಲಿ ಒಳಗ ಎಂಟು ಮಂದಿ ಅದೇವಿ. ನೀವು ಯಾರಿಗೆ ಕೇಳಲಿ ಅಂತ ಹಾಡಿದ್ರಿ?"

"ನಮ್ಮ ಮನ್ಯಾಗ ಮಗ್ಗ ಅದಾವ್ರಿ, ಅಕ್ಕೋರ," ಎಂದಳು ವಂದನಾ.

"ಇಲ್ಲಿ ಇಲ್ಲಲ್ಲ. ಕುತಗಿ ನರ ಎಣಸೂವಂಗ ಕಾಣತಾವ್ರಿ ನಿಮ್ಮವು. ಉಸಿರು ಎಲ್ಲಿಂದ ತಗೋತೀರಿ?"

"ಮೂಗಿಲೆ."

"ಮೂಗು ಬಾಗಲಾ ಆತು. ಉಗ್ರಾಣ ಎಲ್ಲೈತಿ?"

ಗಂಗಾಂಬಿಕಾ ಚಾಪೆ ಹಾಸಿ ಅವಳನ್ನು ಅಂಗಾತ ಮಲಗಿಸಿದಳು. ಒಂದು ತಾಮ್ರದ ತಂಬಿಗೆ ತಂದು ಹೊಟ್ಟೆಯ ಮೇಲಿಟ್ಟಳು. "ಉಸಿರು ತಗೊಂಡಾಗ ತಂಬಗಿ ಏರಬೇಕು. ಬಿಟ್ಟಾಗ ಸಾವಕಾಶ ಇಳೀಬೇಕು. ಭುಜ ಅಳ್ಳಾಡಬಾರದು. ಹದಿನೈದು ದಿನ ಇದ ಪಾಠ." ಹುಡುಗಿಯರು ಮುಸಿಮುಸಿ ನಕ್ಕರು. ಮೂವತ್ತೇಳು ವರ್ಷದ ವಂದನಾ ಚಾವಣಿ ನೋಡುತ್ತ ಮಲಗಿದಳು. ತಂಬಿಗೆ ಏರಲೇ ಇಲ್ಲ, ಅವಳ ಎದೆ ಮಾತ್ರ ಏರಿಳಿಯಿತು. ನನಗೆ ಉಸಿರಾಡಲೂ ಬರುವುದಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಮನೆಯಲ್ಲಿ ಅದೇ ಅಭ್ಯಾಸ ಮಾಡುವಾಗ ಭಾಗವ್ವ ಹಿಟ್ಟಿನ ಗಿರಣಿಯಿಂದ ಬಂದಳು. ಹಾಡುಹಗಲು, ಹತ್ತು ಗಂಟೆಗೆ, ಸೊಸೆ ಹೊಟ್ಟೆಯ ಮೇಲೆ ತಂಬಿಗೆ ಇಟ್ಟುಕೊಂಡು ಮಲಗಿದ್ದಾಳೆ.

"ಹೊಟ್ಟಿ ನೋವೇನ ಬೇ? ಅಜವಾನ ಕೊಡಲಿ?"

"ಇಲ್ರಿ ಅತ್ತಿ. ಹಾಡು ಕಲಿಯಾಕತ್ತೇನಿ."

"ಹಾಡು ಎಲ್ಲೈತಿ?"

"ಅದಿನ್ನೂ ಬಂದಿಲ್ರಿ. ಮೊದಲ ಉಸಿರಂತ."

ಭಾಗವ್ವ ಹಿಟ್ಟಿನ ಡಬ್ಬಿ ಇಳಿಸಿ ಹಿತ್ತಲಿಗೆ ಕೇಳುವಂತೆ ಹೇಳಿದಳು: "ಏನ್ರೀ, ಕೇಳಿದ್ರೇನು, ನಿಮ್ಮ ಸೊಸಿ ಮಲಕೊಂಡು ಹಾಡಾಕತ್ತಾಳ. ನಾಳೆ ನಿದ್ದಿ ಒಳಗ ರೊಟ್ಟಿ ಬಡೀತಾಳ."

ನಗು ಅಲ್ಲಿಗೇ ಮುಗಿಯಿತು. ವಾರದಲ್ಲಿ ಮೂರು ಮುಂಜಾನೆ ವಂದನಾಳ ಎರಡು ಮಗ್ಗಗಳೂ ಸುಭಾಷನ ಪಾಲಿಗೆ ಬಂದವು. ನಾಲ್ಕು ಮಗ್ಗಕ್ಕೆ ಒಬ್ಬನೇ. ಒಂದು ಕಡೆ ಎಳೆ ಹರಿದರೆ ಇನ್ನೊಂದು ಕಡೆ ಲಾಳಿಯ ನೂಲು ತೀರುತ್ತಿತ್ತು. ಮೂರನೆಯ ವಾರ ಒಂದು ಸೀರೆಯ ನಡುವೆ ಗೇಣುದ್ದ ಎಳೆ ತಪ್ಪಿ ಹೋಗಿದ್ದನ್ನು ಅವನು ನೋಡಲೇ ಇಲ್ಲ. ವ್ಯಾಪಾರಿ ಸೀರೆ ತಿರುಗಿಸಿ ಕಳಿಸಿದ. ಭಾಗವ್ವ ಆ ಸೀರೆಯನ್ನು ಊಟದ ಹೊತ್ತಿಗೆ ಎಲ್ಲರ ನಡುವೆ ಹಾಸಿದಳು.

"ನೋಡ್ರಿ, ಸಂಗೀತ ಕಲತದ್ದು ಹಿಂಗ ಕಾಣತೈತಿ."

"ಅವ್ವ, ಅದು ನನ್ನ ತಪ್ಪು," ಎಂದ ಸುಭಾಷ್.

"ನಿನ್ನದಲ್ಲೋ. ಮನಿ ಬಿಟ್ಟು ಹೋಗಿ ಸಣ್ಣ ಹುಡುಗ್ಯಾರ ಜೋಡಿ ಸಾ ಸಾ ಅನ್ನಾಕಿದು ತಪ್ಪು. ಮೊದಲ ಓಣಿಗೆಲ್ಲ ಕೇಳತಿತ್ತು ಧ್ವನಿ. ಈಗ ಇದ್ದಲ್ಲೆ ನನಗ ಕೇಳಂಗಿಲ್ಲ. ಕಲಿಯಾಕ ಹೋಗಿ ಇದ್ದದ್ದೂ ಕಳಕೊಂಡ್ಳು."

ವಂದನಾ ತಾಟು ಸರಿಸಿದಳು. "ಕಳಕೊಂಡದ್ದು ಮೊದಲರಿ ಅತ್ತಿ. ಈಗ ಹುಡುಕಾಕತ್ತೇನಿ." ಹದಿನೇಳು ವರ್ಷದಲ್ಲಿ ಅವಳು ಅತ್ತೆಗೆ ಎದುರು ಹೇಳಿದ್ದು ಅದೇ ಮೊದಲು. ಎಲ್ಲರೂ ಝುಣಕವನ್ನು ಬಹಳ ಲಕ್ಷ್ಯಕೊಟ್ಟು ತಿಂದರು.

ಮರುದಿನ ಬೆಳಿಗ್ಗೆ ಯಮನಪ್ಪ ಹೇಳದೆ ಕೇಳದೆ ಹೋಗಿ ವಂದನಾಳ ಮಗ್ಗದ ಮುಂದೆ ನಿಂತ. ಎಪ್ಪತ್ತೆರಡು ವಯಸ್ಸು, ಹತ್ತು ವರ್ಷದಿಂದ ಮಗ್ಗ ಮುಟ್ಟಿರಲಿಲ್ಲ. "ಕಣ್ಣು ಹೋಗ್ಯಾವ, ಕೈ ಹೋಗಿಲ್ಲ," ಎಂದ. "ಹರದ್ರ ಪ್ರತಿಮಾ ಹೇಳತಾಳ. ನೀ ಹೋಗವಾ, ಬಸ್ಸು ತಪ್ಪತೈತಿ."

ಮಂಡಳಿಯಲ್ಲೂ ಗುಸುಗುಸು ಶುರುವಾಯಿತು. ಕಾರ್ತಿಕದಲ್ಲಿ ಮುಧೋಳದಲ್ಲಿ ದೊಡ್ಡ ಸ್ಪರ್ಧೆ. ಹೆಸರು ಕೊಡಬೇಕು, ಮುಂದಾಳು ಯಾರೆಂದು ಬರೆಸಬೇಕು. ದಸರೆಗೆ ಮುಂಚೆ ಶೈಲಾ ಬಂದು ಕಟ್ಟೆಯ ಮೇಲೆ ಕೂತಳು. ಕೆಟ್ಟವಳಲ್ಲ, ಆದರೆ ಮುಂದಾಳಾಗುವ ಆಸೆಯನ್ನು ಹತ್ತು ವರ್ಷ ಪೇಟಿಯ ಹಿಂದೆ ಮುಚ್ಚಿಟ್ಟುಕೊಂಡವಳು.

"ಕಾಕೂ, ನಾ ಹೇಳಬಾರದು, ಆದ್ರ ಮಂದಿ ಕೇಳಾಕತ್ತಾರ. ವಂದನಾಗ ಆಗಲಿಲ್ಲಂದ್ರ?"

"ದಸರಾ ತನಕ ನೋಡೋಣು," ಎಂದಳು ಭಾಗವ್ವ, ಸೊಸೆ ಒಳಗೆ ಕೇಳುತ್ತಿದ್ದಾಳೆಂದು ಗೊತ್ತಿದ್ದೇ. "ಧ್ವನಿ ಬಂತಂದ್ರ ವಂದನಾ. ಇಲ್ಲಂದ್ರ ನೀನ ಮುಂದ ಕುಂದ್ರು. ಮನಿ ಸೊಸಿ ಅಂತ ನಾ ಮಂಡಳಿ ಮುಳಗಸಾಕಿ ಅಲ್ಲ."

ಒಳಗೆ ವಂದನಾ ರೊಟ್ಟಿಗೆ ನೀರು ಹಚ್ಚುತ್ತಿದ್ದಳು. ಅವಳಿಗೆ ಬೇರೆ ಆಸ್ತಿ ಇರಲಿಲ್ಲ. ತವರು ಬಡತನದ್ದು, ಓದು ಎಂಟನೆಯ ತನಕ. ಮನೆಯಲ್ಲಿ, ಓಣಿಯಲ್ಲಿ, ಸುತ್ತಲ ನಾಲ್ಕು ಊರಲ್ಲಿ ಅವಳು ಯಾರು ಎಂದು ಕೇಳಿದರೆ 'ಹಾಡಾಕಿ ವಂದನಾ' ಎನ್ನುತ್ತಿದ್ದರು. ಆ ಹೆಸರು ಹೋದರೆ ಉಳಿಯುವುದು ಎರಡು ಮಗ್ಗ. ಅವಳು ಅವತ್ತಿನಿಂದ ಐದಕ್ಕೇ ಎದ್ದಳು. ಪ್ರತಿಮಾಳ ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು ಕೆಳಗಿನ ಸಾ ಒಂದನ್ನೇ ಹಿಡಿದು, ಒಂದು ಉಸಿರಿಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದಳು. ಮಗ್ಗ ಶುರುವಾದ ಮೇಲೆ ಅಡುಗೆ ಮನೆಯ ಬಾಗಿಲು ಹಾಕಿಕೊಂಡು ಸರಿಗಮ, ಆಮೇಲೆ ಅದನ್ನೇ ತಿರುವಿ ಮುರುವಿ. ಮಗ್ಗದ ಸದ್ದಿಗೆ ಮನೆಯವರಿಗೆ ಏನೂ ಕೇಳುತ್ತಿರಲಿಲ್ಲ. ಅವಳು ಬಾಯಿ ಆಡಿಸುವುದು ಮಾತ್ರ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು.

ದಸರೆಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ ಮೂರಕ್ಕೆ, ಕರೆಂಟ್ ಹೋಯಿತು.

ಮಗ್ಗಗಳ ಊರಲ್ಲಿ ಕರೆಂಟ್ ಹೋಗುವುದೆಂದರೆ ಬರೀ ದೀಪ ಆರುವುದಲ್ಲ. ಓಣಿಯ ಎಲ್ಲ ಮನೆಗಳ ಸದ್ದು ಒಂದೇ ಏಟಿಗೆ ನಿಲ್ಲುತ್ತದೆ. ದೂರದ ಸೈಕಲ್ ಗಂಟೆ ಕೂಡ ಕೇಳುತ್ತದೆ. ಭಾಗವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಒಳಗಿದ್ದ ವಂದನಾ ಕಣ್ಣು ಮುಚ್ಚಿಕೊಂಡಿದ್ದಳೋ ಏನೋ, ಹಾಡುವುದನ್ನು ನಿಲ್ಲಿಸಲಿಲ್ಲ. ಮಂಡಳಿಯ ಹಳೆಯ ಪದವೊಂದು, ಭಾಗವ್ವನ ತಾಯಿ ಕಟ್ಟಿದ್ದು: 'ನೂಲು ನಿನ್ನದು ಗುರುವೆ, ನೇಯುವ ಕೈಯಷ್ಟೆ ನನ್ನದು.' ಗಟ್ಟಿಯಾಗಿ ಹಾಡುತ್ತಿರಲಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿ. ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ತುಂಬಿಕೊಂಡು, ಬಾಗಿಲು ದಾಟಿ ಬಂತು. ಏರಿನಲ್ಲಿ ಮೊದಲು ಒಡೆಯುತ್ತಿದ್ದ ಜಾಗದಲ್ಲಿ ದನಿ ತಿಳಿಯಾಗಿ ಏರಿ ನಿಂತು, ನಿಂತ ಮೇಲೂ ಉಸಿರು ಉಳಿದಿತ್ತು. ಎದುರು ಮನೆಯವರು ಕಟ್ಟೆಗೆ ಬಂದರು. ಸುಭಾಷ್ ಕೈಯಲ್ಲಿ ಲಾಳಿ ಹಿಡಿದು ಹಾಗೇ ನಿಂತ.

ಭಾಗವ್ವ ಶೇಂಗಾದ ಮೊರ ಸರಿಸಿ ಎದ್ದು ಹಿತ್ತಲಿಗೆ ಹೋದಳು. ಚಹಾದ ಹೊತ್ತಿಗೂ ಬರಲಿಲ್ಲ. ವಂದನಾಳೇ ಎರಡು ಕಪ್ಪು ತೆಗೆದುಕೊಂಡು ಹೋದಳು. ಅತ್ತೆ ತುಳಸಿ ಕಟ್ಟೆಯ ಮೇಲೆ ಕೂತಿದ್ದಳು.

"ಡಾಕ್ಟರ್ ಏನಂದಿದ್ದ? ಮೊದಲ ಮುಂಜಾನೆ ಕರಕರ ಅಂತೈತಿ, ಆಮ್ಯಾಲ ಏರಿನ್ಯಾಗ ಬರೇ ಗಾಳಿ ಬರತೈತಿ, ಹೌದಿಲ್ಲೋ?"

"ಹೌದ್ರಿ."

"ನಂದೂ ಹಂಗ ಆಗಿತ್ತು. ನಲವತ್ತೆರಡು ಆಗಿದ್ವು ನನಗ." ಭಾಗವ್ವ ಚಹಾ ಮುಟ್ಟಲಿಲ್ಲ. "ದೃಷ್ಟಿ ಅಂದ್ರು. ವಯಸ್ಸಾತು ಅಂದ್ರು. ಯಾರೂ ಬೊಬ್ಬಿ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ತಾಳ ಬಡಕೋತ ಕುಂತೆ."

"ಆಗ ಯಾರಿಗೆ ಗೊತ್ತಿತ್ರಿ ಅತ್ತಿ?"

"ಅದು ಹೋಗಲಿ. ನಿನ್ನ ಕೊನಿ ಮಗ್ಗದ ಹತ್ರ ನಿಲ್ಲಿಸಿದಾಕಿ ನಾನ ಅಲ್ಲೇನು? ಎಷ್ಟು ಹುಡುಗ್ಯಾರನ ನಿಲ್ಲಿಸೇನಿ." ಅವಳ ಕಣ್ಣು ತುಂಬಿದವು. ವಂದನಾ ಅತ್ತೆಯ ಪಕ್ಕ ಕೂತಳು. ಇಬ್ಬರೂ ಆರಿದ ಚಹಾವನ್ನೇ ಕುಡಿದರು.

ದಸರೆಯ ದಿನ ಬನ್ನಿ ಕೊಡಲು ಬಂದ ಶೈಲಾಳಿಗೆ ಭಾಗವ್ವ, "ವಂದನಾನ ಹೆಸರ ಬರಸು," ಎಂದಳು. ಅಷ್ಟೇ.

ಆ ವಾರದಿಂದ ಮನೆಯ ತಂಬಿಗೆ ಒಂದು ಕಡೆ ನಿಲ್ಲದಾಯಿತು. ನೀರು ಕುಡಿಯಲು ಹುಡುಕಿದರೆ ಸಿಗದು. ಒಂದು ಮುಂಜಾನೆ ಪ್ರತಿಮಾ ಹಿಂದಿನ ಖೋಲಿಯ ಬಾಗಿಲು ನೂಕಿದರೆ, ಅಜ್ಜಿ ಅಂಗಾತ ಮಲಗಿದ್ದಾಳೆ, ಹೊಟ್ಟೆಯ ಮೇಲೆ ತಂಬಿಗೆ.

"ಆಯಿ, ಅಜವಾನ ಕೊಡಲಿ?" ಎಂದಳು ಪ್ರತಿಮಾ.

"ಬಾಗಲಾ ಹಾಕ ಲೇ. ನಿಮ್ಮವ್ವಗ ಹೇಳಿದಿ ಅಂದ್ರ ಕಾಲು ಮುರೀತೇನಿ."

ಪ್ರತಿಮಾ ಸಂಜೆಯೊಳಗೆ ಅವ್ವನಿಗೂ ಅಪ್ಪನಿಗೂ ಹೇಳಿದಳು. ಅಜ್ಜನಿಗೆ ಮಾತ್ರ ಹೇಳುವುದು ಮರೆಯಿತು. ಯಾರೂ ಭಾಗವ್ವನನ್ನು ಕೇಳಲಿಲ್ಲ. ವಂದನಾ ಮಾತ್ರ ಬೆಳಗಿನ ತಂಬೂರಿಯ ಸದ್ದನ್ನು ಸ್ವಲ್ಪ ಹೆಚ್ಚಿಸಿ, ಅಡುಗೆ ಮನೆಯ ಬಾಗಿಲು ತೆರೆದಿಟ್ಟಳು.

ಮುಧೋಳದ ಸ್ಪರ್ಧೆಗೆ ಒಂದು ಟೆಂಪೋ ಮಾಡಿಕೊಂಡು ಮಂಡಳಿಯ ಹೆಂಗಸರು ಹೊರಟರು. ಗಂಡಸರು, ಪ್ರತಿಮಾ ಬಸ್ಸಿಗೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಂಡು ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ಹೆಸರು ಕರೆಯಲು ಇನ್ನೊಂದೇ ತಂಡ ಬಾಕಿ. ವೇದಿಕೆಯ ಹಿಂದೆ ಶೈಲಾ ಪೇಟಿ ತೆರೆದು ಯಾವಾಗಿನಂತೆ ಕರಿ ಎರಡರ, ಎಂದರೆ ಎರಡನೆಯ ಕಪ್ಪು ಮನೆಯ, ಮೇಲೆ ಬೆರಳಿಟ್ಟಳು. ಮಂಡಳಿ ಮೂವತ್ತು ವರ್ಷ ಹಾಡಿದ್ದು ಆ ಎತ್ತರದ ಪಟ್ಟಿಯಲ್ಲೇ.

"ಶೈಲಾಕ್ಕ, ಕೆಳಗಿನ ಬಿಳಿ ಆರು," ಎಂದಳು ವಂದನಾ.

"ಅಷ್ಟು ತೆಳಗ? ಗುಣುಗುಣು ಅಂದಂಗ ಆಗತೈತಿ. ಈಗ ಹಾಡಾಕತ್ತ ತಂಡದವ್ರು ಹೆಂಗ ಏರಿಸ್ಯಾರ ಕೇಳಿದಿಲ್ಲೋ?"

ಉಳಿದ ಹೆಂಗಸರೂ ಶೈಲಾಳ ಕಡೆಗೇ. ಅಭ್ಯಾಸದಲ್ಲಿ ಹೇಗಾದರೂ ನಡೆಯಲಿ, ಸ್ಪರ್ಧೆಯಲ್ಲಿ ಬೇಡ ಎಂದರು. ವಂದನಾ ಅತ್ತೆಯ ಮುಖ ನೋಡಿದಳು. ಭಾಗವ್ವ ತಾಳದ ದಾರ ಬೆರಳಿಗೆ ಸುತ್ತುತ್ತಿದ್ದಳು.

"ಬಿಳಿ ಆರಕ್ಕ ಹಚ್ಚು, ಶೈಲಾ."

"ಕಾಕೂ, ಧ್ವನಿ ನಾಕು ಮಗ್ಗ ದಾಟಬೇಕಂತ ಹೇಳಿಕೊಟ್ಟಾಕಿ ನೀವ ಅಲ್ರೀ?"

"ತಪ್ಪು ಹೇಳಿಕೊಟ್ಟಿದ್ದೆ," ಎಂದಳು ಭಾಗವ್ವ.

ಆ ಬಾಯಿಂದ ಆ ಮಾತನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಶೈಲಾ ಬಿಳಿ ಆರಕ್ಕೆ ಬೆರಳು ಇಳಿಸಿದಳು.

ಮೊದಲ ಪದಕ್ಕೆ ಸಭೆ ಇನ್ನೂ ಗಲಾಟೆಯಲ್ಲಿತ್ತು. ಹಿಂದಿನ ತಂಡದ ಅಬ್ಬರ ಕೇಳಿ ಬಂದವರು ಕಡಲೆ ತಿನ್ನುತ್ತ ಮಾತಾಡುತ್ತಿದ್ದರು. ವಂದನಾ ದನಿ ಏರಿಸಲಿಲ್ಲ. ಎರಡನೆಯ ಸಾಲಿಗೆ ಮುಂದಿನ ಸಾಲಿನವರು ಸುಮ್ಮನಾದರು. ಎರಡನೆಯ ಪದಕ್ಕೆ ಹಿಂದಿನವರು ಮುಂದೆ ಬಂದು ನಿಂತರು. ಜಮಖಂಡಿಯಲ್ಲಿ ಒಡೆದ ಏರು ಬಂದಾಗ ಸುಭಾಷ್ ಕುರ್ಚಿಯ ಹಿಡಿಕೆ ಹಿಡಿದುಕೊಂಡ. ಅವಳು ಹೊಟ್ಟೆಯಿಂದ ಉಸಿರು ತೆಗೆದುಕೊಂಡು, ಸರಾಗವಾಗಿ ಏರಿ, ಅಲ್ಲಿ ನಿಂತು ಒಂದು ಸಣ್ಣ ತಿರುವು ಹಾಕಿ ಇಳಿದಳು. ನಿರ್ಣಾಯಕರಲ್ಲಿ ಒಬ್ಬರು ಬರೆಯುವುದನ್ನು ಬಿಟ್ಟು ತಲೆದೂಗಿದರು.

ಮೂರನೆಯದು 'ನೂಲು ನಿನ್ನದು.' ಮೊದಲ ಸಾಲು ಮುಗಿಸಿ ವಂದನಾ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎರಡನೆಯ ಸಾಲು ಅವಳ ಬೆನ್ನ ಹಿಂದಿನಿಂದ ಬಂತು. ತಗ್ಗಿನ, ಹಣ್ಣಾದ, ಸ್ವಲ್ಪ ನಡುಗುವ ದನಿ, ಆದರೆ ಸ್ವರ ಬಿಡಲಿಲ್ಲ. ವಂದನಾ ತಿರುಗಿ ನೋಡದೆ ಬಾಯಿ ಮುಚ್ಚಿ ಸಾಲನ್ನು ಬಿಟ್ಟುಕೊಟ್ಟಳು. ಭಾಗವ್ವ ತಾಳ ಹಾಕುತ್ತಲೇ ಆ ಸಾಲು ಪೂರ್ತಿ ಹಾಡಿದಳು. ಆಮೇಲೆ ಇಬ್ಬರೂ ಕೂಡಿ ಹಾಡಿದರು. ಶೈಲಾ ಪೇಟಿಯ ಮೇಲೆ ಬಗ್ಗಿ ಅಳುತ್ತಿದ್ದಳು, ಬೆರಳು ಮಾತ್ರ ತಪ್ಪಲಿಲ್ಲ.

ಸಭೆಯ ನಡುವೆ ಯಮನಪ್ಪ ಎದ್ದು ನಿಂತಿದ್ದ. ಹಿಂದಿನವರು, "ಕುಂದ್ರ ಯಜ್ಜಾ, ಕಾಣವಲ್ದು," ಎಂದರು. ಅವನು ಕೂರಲಿಲ್ಲ.

"ಮುತ್ಯಾ, ಏನಾತು?" ಪ್ರತಿಮಾ ಅಂಗಿ ಜಗ್ಗಿದಳು.

"ನನ್ನ ಹೇಂತಿ ಹಾಡಾಕತ್ತಾಳವಾ," ಎಂದ ಯಮನಪ್ಪ, ಹಿಂದಿನವರಿಗೂ ಕೇಳುವಂತೆ.

ಮೊದಲ ಬಹುಮಾನ ಬನಹಟ್ಟಿಗೆ ಬಂತು. ಎಲ್ಲ ತಂಡಗಳಲ್ಲಿ ಈ ತಂಡದ ಪ್ರತಿಯೊಂದು ಮಾತೂ ಕೊನೆಯ ತನಕ ತಿಳಿಯಿತೆಂದು, ಮುಂದಾಳಿನ ಉಸಿರಿನ ಹಿಡಿತ ಕಲಿತವರದ್ದೆಂದು ನಿರ್ಣಾಯಕರು ಮೈಕಿನಲ್ಲಿ ಹೇಳಿದರು. ಬಹುಮಾನದ ಬೆಳ್ಳಿ ಲೇಪದ ಢಾಲು ಟೆಂಪೋದಲ್ಲಿ ಹನ್ನೊಂದು ಮಡಿಲು ಸುತ್ತಿ ಬಂತು. ಅರ್ಧ ದಾರಿ ದಾಟುವ ತನಕ ಹಾಡಿದರು, ಆಮೇಲೆ ಚುರುಮುರಿ ತಿಂದು ಮತ್ತೆ ಹಾಡಿದರು.

ಸೋಮವಾರ ಬೆಳಿಗ್ಗೆ ಸುಭಾಷ್ ಮತ್ತು ಯಮನಪ್ಪ ಮಗ್ಗಕ್ಕೆ ನಿಂತರು. ರಬಕವಿಯ ಬಸ್ಸಿಗೆ ಅತ್ತೆ ಸೊಸೆ ಇಬ್ಬರೂ ಹತ್ತಿದರು. ಗಂಗಾಂಬಿಕಾಳ ಖೋಲಿಯಲ್ಲಿ ಹುಡುಗಿಯರು ಸರಿದು ಜಾಗ ಕೊಟ್ಟರು. ಭಾಗವ್ವ ಮಂಡಿ ಹಿಡಿದುಕೊಂಡು, ಉಸ್ಸೆಂದು, ಎಲ್ಲರಿಗಿಂತ ಚಿಕ್ಕ ಹುಡುಗಿಯ ಪಕ್ಕ ಚಾಪೆಯ ಮೇಲೆ ಕೂತಳು.

"ಮೊದಲ ಎಲ್ಲೆರೆ ಕಲತೀರೇನ್ರಿ, ಅವ್ವಾ?" ಎಂದು ಗಂಗಾಂಬಿಕಾ ಕೇಳಿದಳು.

"ಇಲ್ರಿ ಅಕ್ಕೋರ," ಎಂದಳು ಭಾಗವ್ವ. "ಮೂವತ್ತು ವರ್ಷ ಕಲಿಸೇನಿ. ಕಲಿಯೂದು ಇವತ್ತ ಸುರು."